ದಾಖಲೆಯ ಒರೆಗಲ್ಲು

ಭೂಮಿಯು ರೈತನ ಬಾಳಿಗೆ ಆಧಾರವಾದರೆ, ಆ ಭೂಮಿಯು ಅವನದೆಂಬ ಮಾತಿಗೆ ದಾಖಲೆಯೇ ಆಧಾರ. ಒಬ್ಬನು ತಲೆಮಾರುಗಳಿಂದ ಒಂದೇ ಹೊಲವನ್ನು ಉತ್ತು, ಬಿತ್ತಿ, ಬೆಳೆಯುತ್ತಿರಬಹುದು. ಆದರೆ ದಾಖಲೆಯಲ್ಲಿ ಅವನ ಹೆಸರು ಇಲ್ಲವಾದರೆ ಬ್ಯಾಂಕು ಬೆಳೆಸಾಲ ಕೊಡಲು ಹಿಂದೆಗೆಯುತ್ತದೆ. ನೆರೆಹೊಲದವನು ಬದುವನ್ನು ಒತ್ತಿದಾಗ ಅವನ ದೂರಿಗೆ ಬಲವಿರುವುದಿಲ್ಲ. ಆದುದರಿಂದಲೇ ದಾಖಲೆಯನ್ನು ಕಾಪಾಡುವ ಕೆಲಸವನ್ನು ಎಲ್ಲ ಕಾಲದ ಜನರೂ ಬೆಳೆಯನ್ನು ಕಾಯುವಷ್ಟೇ ಎಚ್ಚರದಿಂದ ಮಾಡಿದ್ದಾರೆ.

ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳ ಚರಿತ್ರೆಯನ್ನು ನೋಡಿದರೆ ಈ ಎಚ್ಚರವು ಎಷ್ಟು ಹಳೆಯದೆಂಬುದು ತಿಳಿಯುತ್ತದೆ. ಹಾನಗಲ್ಲಿಗೆ ಶಾಸನಗಳಲ್ಲಿ ಪಾನುಂಗಲ್ಲು ಎಂಬ ಹೆಸರಿದೆ. ಪಾನುಂಗಲ್ಲು ಐನೂರು ಎಂಬ ನಾಡನ್ನು ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿ ಕದಂಬ ಮನೆತನದವರು ಆಳಿದರು. ಅಂದಿನ ದಾನಶಾಸನಗಳು ಭೂಮಿಯನ್ನು ಕೊಟ್ಟವರಾರು, ಪಡೆದವರಾರು, ಅದರ ಅಳತೆಯೇನು, ಎಲ್ಲೆ ಯಾವುದು ಎಂಬುದನ್ನು ಕಲ್ಲಿನ ಮೇಲೆ ಕೊರೆದು ಹೇಳುತ್ತವೆ. ದತ್ತಿಯನ್ನು ಅಳಿಸಿದವನಿಗೆ ಪಾಪ ತಟ್ಟುವುದೆಂಬ ಶಾಪವಚನವೂ ಕೊನೆಯಲ್ಲಿ ಇರುವುದುಂಟು. ಮುಂದೆ ಮುಂಬಯಿ ಪ್ರಾಂತದ ಆಡಳಿತದಲ್ಲಿ ತಲಾಠಿಯ ಕೈಬರಹದ ಪುಸ್ತಕಗಳು ಬಂದವು. ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿತ್ತು. ಬಳಿಕ ನಾಲ್ಕು ತಾಲ್ಲೂಕುಗಳೂ ಧಾರವಾಡ ಜಿಲ್ಲೆಯಲ್ಲಿದ್ದು, 1997ರಲ್ಲಿ ಹೊಸದಾಗಿ ರಚಿತವಾದ ಹಾವೇರಿ ಜಿಲ್ಲೆಗೆ ಸೇರಿದವು.

ಅದೇ ಕಾಲಕ್ಕೆ ದಾಖಲೆಯ ರೂಪವೂ ಬದಲಾಯಿತು. 1999ರ ಸುಮಾರಿಗೆ ಕರ್ನಾಟಕ ಸರ್ಕಾರದ ಕಂದಾಯ ಇಲಾಖೆಯು ‘ಭೂಮಿ’ ಎಂಬ ಯೋಜನೆಯನ್ನು ಕೈಗೊಂಡು ಕೈಬರಹದ ಪಹಣಿಗಳನ್ನು ಗಣಕಯಂತ್ರಕ್ಕೆ ತರಲಾರಂಭಿಸಿತು. ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳು ಕೆಲವೇ ವರ್ಷಗಳಲ್ಲಿ ಯಂತ್ರದ ನೆನಪಿನಲ್ಲಿ ಸೇರಿದವು. ಆರಂಭದ ವರ್ಷಗಳಲ್ಲಿ ರೈತನು ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಶುಲ್ಕ ಕೊಟ್ಟು ಮುದ್ರಿತ ಪಹಣಿಯನ್ನು ಪಡೆಯತೊಡಗಿದನು. ಈ ಭಾಗದ ಹಳ್ಳಿಗರು ಇದನ್ನು ‘ಉತಾರ’ ಎಂದು ಕರೆಯುತ್ತಾರೆ. ಹೀಗೆ ಒಂದೆಡೆ ಕ್ರಮವಾಗಿ ಸೇರಿಸಿಟ್ಟು, ಬೇಕೆಂದಾಗ ಹುಡುಕಿ ತೆಗೆಯಲು ಬರುವಂತಹ ಮಾಹಿತಿಯ ರಾಶಿಗೆ ದತ್ತಸಂಚಯ ಅಥವಾ ಡೇಟಾಬೇಸ್ ಎಂದು ಹೆಸರು.

ಕಲ್ಲಿನಿಂದ ಕಾಗದಕ್ಕೆ, ಕಾಗದದಿಂದ ಯಂತ್ರಕ್ಕೆ ಬಂದ ದಾಖಲೆಗೆ ಹೊಸ ಸೌಕರ್ಯಗಳೊಡನೆ ಹೊಸ ಶತ್ರುವೂ ಬಂದಿತು. ಕಾಗದಕ್ಕೆ ಗೆದ್ದಲು, ತೇವ, ಬೆಂಕಿಗಳ ಭಯ. ಯಂತ್ರದ ದಾಖಲೆಗೆ ಇವುಗಳ ಜೊತೆಗೆ, ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಬಂದು ಮಾಯವಾಗುವ ದೋಷದ ಭಯವೂ ಉಂಟು. ಅದರ ಸ್ವರೂಪವನ್ನು ತಿಳಿಯಲು ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು.

ಹಾನಗಲ್ಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿ 6 ಎಕರೆ 20 ಗುಂಟೆ ವಿಸ್ತೀರ್ಣದ ಒಂದು ಸರ್ವೆ ನಂಬರು ಇದೆಯೆನ್ನೋಣ. ಅದು ಅಣ್ಣನ ಹೆಸರಿನಲ್ಲಿದೆ. ಹಿರಿಯರ ಸಮಕ್ಷಮದಲ್ಲಿ ವಾಟ್ನಿಯಾಗಿ 2 ಎಕರೆ 10 ಗುಂಟೆ ತಮ್ಮನ ಪಾಲಿಗೆ ಬಂದಿದೆ. ನಿಯಮದಂತೆ ನೋಟೀಸಿನ ಅವಧಿ ಕಳೆದು, ಯಾರ ತಕರಾರೂ ಇಲ್ಲದುದರಿಂದ ಹಕ್ಕು ಬದಲಾವಣೆಯು ಮಂಜೂರಾಗಿದೆ. ಈಗ ಯಂತ್ರವು ಎರಡು ಕೆಲಸಗಳನ್ನು ಮಾಡಬೇಕು: ಅಣ್ಣನ ಹೆಸರಿನ ಮುಂದಿರುವ ಅಂಕಿಯನ್ನು 4 ಎಕರೆ 10 ಗುಂಟೆಗೆ ಇಳಿಸಬೇಕು, ತಮ್ಮನ ಹೆಸರನ್ನು ಬರೆದು ಅದರ ಮುಂದೆ 2 ಎಕರೆ 10 ಗುಂಟೆ ಎಂದು ನಮೂದಿಸಬೇಕು. ಅದು ಮುಂಗಾರಿಗೆ ಮುಂಚಿನ ಒಂದು ಮಧ್ಯಾಹ್ನ. ಗುಡುಗು ಸಿಡಿಲುಗಳೊಡನೆ ಅಡ್ಡಮಳೆ ಬಂದಿತು. ಮೊದಲನೆಯ ಕೆಲಸ ಮುಗಿದು ಎರಡನೆಯದು ಆರಂಭವಾಗುವ ಹೊತ್ತಿಗೆ ವಿದ್ಯುಚ್ಛಕ್ತಿಯು ಒಂದು ಕ್ಷಣ ನಿಂತು ಮತ್ತೆ ಬಂದಿತು.

ಆ ಒಂದು ಕ್ಷಣದ ಪರಿಣಾಮವೇನು? ಅಣ್ಣನ ಅಂಕಿ ಇಳಿದಿದೆ. ತಮ್ಮನ ಹೆಸರು ಬಂದಿಲ್ಲ. ಹೊಲದಲ್ಲಿರುವ 2 ಎಕರೆ 10 ಗುಂಟೆ ಭೂಮಿಯು ದಾಖಲೆಯಲ್ಲಿ ಯಾರದೂ ಅಲ್ಲ. ಎರಡು ಕೆಲಸಗಳ ಕ್ರಮವು ಹಿಂದುಮುಂದಾಗಿದ್ದರೆ ಇನ್ನೊಂದು ವಿಪರೀತ ಆಗುತ್ತಿತ್ತು: ಅಣ್ಣನಿಗೆ 6 ಎಕರೆ 20 ಗುಂಟೆ ಹಾಗೆಯೇ ಉಳಿದು, ತಮ್ಮನಿಗೆ 2 ಎಕರೆ 10 ಗುಂಟೆ ಸೇರಿ, ದಾಖಲೆಯಲ್ಲಿ ಹೊಲವು 8 ಎಕರೆ 30 ಗುಂಟೆಗೆ ಬೆಳೆಯುತ್ತಿತ್ತು! ಇಲ್ಲಿ ಗುಮಾಸ್ತನು ತಪ್ಪು ಮಾಡಿಲ್ಲ, ಅಣ್ಣತಮ್ಮಂದಿರಲ್ಲಿ ಮೋಸವಿಲ್ಲ, ಯಂತ್ರವೂ ಕೆಟ್ಟಿಲ್ಲ. ಎರಡು ನಿಮಿಷದ ಬಳಿಕ ಅದು ಮೊದಲಿನಂತೆಯೇ ಕೆಲಸ ಮಾಡುತ್ತದೆ. ಆದರೂ ಒಂದು ಮನೆತನದ ಜಗಳಕ್ಕೆ ಬೀಜ ಬಿದ್ದಿದೆ.

ಹೀಗೆ ತೋರಿ ಅಡಗುವ ದೋಷಗಳನ್ನು ತಾತ್ಕಾಲಿಕ ದೋಷಗಳೆಂದು ಕರೆಯುತ್ತಾರೆ. ಯಂತ್ರದ ಒಂದು ಭಾಗವು ಸುಟ್ಟುಹೋದರೆ ಅದು ಶಾಶ್ವತ ದೋಷ. ಪರೀಕ್ಷಿಸಿದಾಗಲೆಲ್ಲ ಅದು ಕಾಣಸಿಗುತ್ತದೆ, ಭಾಗವನ್ನು ಬದಲಿಸಿದರೆ ನಿವಾರಣೆಯಾಗುತ್ತದೆ. ತಾತ್ಕಾಲಿಕ ದೋಷವಾದರೋ ಹುಡುಕಲು ಹೋದಾಗ ಕಾಣುವುದಿಲ್ಲ. ವಿದ್ಯುತ್ತಿನ ಏರಿಳಿತ, ಸಂಪರ್ಕದ ತಂತಿಯಲ್ಲಿ ಒಂದು ಕ್ಷಣದ ಕಡಿತ, ಇಬ್ಬರು ಒಂದೇ ಪಹಣಿಯನ್ನು ಏಕಕಾಲದಲ್ಲಿ ತಿದ್ದಹೊರಟಾಗ ಉಂಟಾಗುವ ಗೊಂದಲ, ಇವೆಲ್ಲ ಈ ಬಗೆಯವು. ಬ್ಯಾಟರಿಯ ಬಲದಿಂದ ನಡೆಯುವ ಯು.ಪಿ.ಎಸ್. ಉಪಕರಣವು ಇಂತಹ ಸಂದರ್ಭಗಳನ್ನು ಕಡಿಮೆ ಮಾಡೀತೇ ಹೊರತು ಇಲ್ಲವಾಗಿಸಲಾರದು.

ಕೆಲವು ದೋಷಗಳ ಮೂಲವು ಊಹೆಗೂ ಮೀರಿದುದು. 1978ರಲ್ಲಿ ಇಂಟೆಲ್ ಕಂಪನಿಯ ತಿಮೋತಿ ಮೇ ಮತ್ತು ಮರ್ರೆ ವುಡ್ಸ್ ಎಂಬುವರು ಒಂದು ವಿಚಿತ್ರ ಸಂಗತಿಯನ್ನು ವಿವರಿಸಿದರು. ನೆನಪಿನ ಚಿಪ್ಪುಗಳ ಹೊರಕವಚದಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಸೇರಿದ್ದ ಯುರೇನಿಯಂ, ಥೋರಿಯಂಗಳಿಂದ ಹೊಮ್ಮುವ ಆಲ್ಫಾ ಕಣಗಳು ಒಳಗಿನ ಸೊನ್ನೆಯನ್ನು ಒಂದಾಗಿಯೂ ಒಂದನ್ನು ಸೊನ್ನೆಯಾಗಿಯೂ ತಿರುಗಿಸುತ್ತಿದ್ದವು. ಚಿಪ್ಪಿಗೆ ಯಾವ ಹಾನಿಯೂ ಆಗುತ್ತಿರಲಿಲ್ಲ. ಅಂಕಿ ಮಾತ್ರ ಬದಲಾಗುತ್ತಿತ್ತು. 2003ರಲ್ಲಿ ಬೆಲ್ಜಿಯಂ ದೇಶದ ಸ್ಕಾರ್‌ಬೀಕ್ ಎಂಬಲ್ಲಿ ನಡೆದ ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ 4096 ಮತಗಳು ಹೆಚ್ಚಾಗಿ ಬಂದಿದ್ದವು. ಎರಡನ್ನು ಹನ್ನೆರಡು ಸಲ ಗುಣಿಸಿದರೆ ಬರುವ ಸಂಖ್ಯೆ ಅದೇ ಆದುದರಿಂದ, ಯಂತ್ರದ ನೆನಪಿನಲ್ಲಿ ಒಂದೇ ಒಂದು ಸ್ಥಾನದ ಸೊನ್ನೆಯು ಒಂದಾಗಿರಬೇಕೆಂದು ತಜ್ಞರು ಊಹಿಸಿದರು. ಅಂತರಿಕ್ಷದಿಂದ ಬರುವ ವಿಶ್ವಕಿರಣವು ಇದಕ್ಕೆ ಕಾರಣವಾಗಿರಬಹುದೆಂದು ಶಂಕಿಸಲಾಯಿತು. ಆ ತಪ್ಪು ಬೆಳಕಿಗೆ ಬಂದುದು ಹೇಗೆ? ಬೀಳಲು ಸಾಧ್ಯವಿದ್ದುದಕ್ಕಿಂತ ಹೆಚ್ಚು ಮತಗಳು ಬಿದ್ದಿದ್ದುದರಿಂದ. ಮೊತ್ತವನ್ನು ತಾಳೆ ನೋಡುವ ಹಳೆಯ ಲೆಕ್ಕಿಗರ ಪದ್ಧತಿಯೇ ಅಲ್ಲಿ ನೆರವಿಗೆ ಬಂದಿತು.

ಇಂತಹ ದೋಷಗಳು ಎಷ್ಟು ಸಾಮಾನ್ಯ ಎಂಬುದನ್ನು ಅಮೆರಿಕದ ಗಣಕವಿಜ್ಞಾನಿ ಜಿಮ್ ಗ್ರೇ 1985ರಲ್ಲಿ ತೋರಿಸಿಕೊಟ್ಟರು. ಆಗ ಅವರು ಟ್ಯಾಂಡೆಮ್ ಎಂಬ ಕಂಪನಿಯಲ್ಲಿದ್ದು, ಯಂತ್ರಗಳು ಏಕೆ ನಿಲ್ಲುತ್ತವೆ ಎಂಬುದನ್ನು ಅಭ್ಯಾಸ ಮಾಡುತ್ತಿದ್ದರು. ಒಂದು ತಂತ್ರಾಂಶದಲ್ಲಿ ಕಂಡ 132 ದೋಷಗಳನ್ನು ಪರಿಶೀಲಿಸಿದಾಗ, ಅದೇ ಕೆಲಸವನ್ನು ಮತ್ತೊಮ್ಮೆ ಮಾಡಿದರೆ ಪುನಃ ತಲೆದೋರಿದ ದೋಷ ಒಂದೇ ಒಂದು. ಉಳಿದ 131 ಮಾಯವಾಗಿದ್ದವು. ಹೀಗೆ ನೋಡಹೋದಾಗ ಮರೆಯಾಗುವ ದೋಷಗಳನ್ನು, ಭೌತವಿಜ್ಞಾನಿ ಹೈಸೆನ್‌ಬರ್ಗ್ ಅವರ ಹೆಸರನ್ನು ನೆನಪಿಸುವಂತೆ, ‘ಹೈಸೆನ್‌ಬಗ್’ ಎಂದು ಕರೆದರು. ದತ್ತಸಂಚಯಗಳ ಕ್ಷೇತ್ರದಲ್ಲಿ ಮಾಡಿದ ಕೆಲಸಕ್ಕಾಗಿ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು.

ಮತ್ತೊಮ್ಮೆ ಮಾಡಿದರೆ ದೋಷವು ಮಾಯವಾಗುವುದಾದರೆ, ಪರಿಹಾರವು ಸುಲಭವೆಂದು ತೋರಬಹುದು. ಆದರೆ ಮತ್ತೊಮ್ಮೆ ಮಾಡುವುದಕ್ಕೆ ಮುಂಚೆ, ಅರ್ಧಕ್ಕೆ ನಿಂತ ಕೆಲಸದ ಗುರುತೇ ಇಲ್ಲದಂತೆ ಹಿಂದಿನ ಸ್ಥಿತಿಗೆ ಬರಬೇಕು. ಇದಕ್ಕಾಗಿ ವಿಜ್ಞಾನಿಗಳು ‘ವ್ಯವಹಾರ’ ಎಂಬ ಕಲ್ಪನೆಯನ್ನು ರೂಪಿಸಿದರು. ಅಣ್ಣನ ಅಂಕಿಯನ್ನು ಇಳಿಸುವುದು ಮತ್ತು ತಮ್ಮನ ಹೆಸರನ್ನು ಬರೆಯುವುದು, ಇವೆರಡೂ ಸೇರಿ ಒಂದು ವ್ಯವಹಾರ. ಅದಕ್ಕೆ ನಾಲ್ಕು ಗುಣಗಳಿರಬೇಕೆಂದು ಜರ್ಮನಿಯ ಥಿಯೋ ಹಾರ್ಡರ್ ಮತ್ತು ಆಂಡ್ರಿಯಾಸ್ ರಾಯ್ಟರ್ ಅವರು 1983ರಲ್ಲಿ ಒಟ್ಟುಗೂಡಿಸಿ ಹೇಳಿದರು. ವ್ಯವಹಾರವು ಪೂರ್ತಿಯಾಗಿ ನಡೆಯಬೇಕು, ಇಲ್ಲವೆ ನಡೆಯಲೇಬಾರದು, ಇದು ಅಖಂಡತೆ. ನಡೆದ ಮೇಲೆ ಲೆಕ್ಕವು ತಾಳೆಯಾಗಬೇಕು; ಇದು ಸುಸಂಗತಿ. ಒಬ್ಬರ ಕೆಲಸವು ಇನ್ನೊಬ್ಬರ ಅರೆಮುಗಿದ ಕೆಲಸದೊಡನೆ ಬೆರೆಯಬಾರದು, ಇದು ಪ್ರತ್ಯೇಕತೆ. ‘ಆಯಿತು’ ಎಂದು ಒಮ್ಮೆ ಹೇಳಿದ ಮೇಲೆ ಅದು ಅಳಿಯಬಾರದು, ಇದು ಸ್ಥಿರತೆ.

ಈ ಗುಣಗಳನ್ನು ಸಾಧಿಸುವ ಬಗೆಯು ಅಂಗಡಿಯ ಲೆಕ್ಕವನ್ನು ಬಲ್ಲವರಿಗೆ ಹೊಸದೇನಲ್ಲ. ವ್ಯಾಪಾರಿಯು ದಿನದ ಕೊಡುಕೊಳ್ಳುವಿಕೆಯನ್ನು ಮೊದಲು ಕೀರ್ದಿಯಲ್ಲಿ ಬರೆದು, ಆಮೇಲೆ ಅವರವರ ಖಾತೆಗೆ ಏರಿಸುತ್ತಾನೆ. ಖಾತೆಗೆ ಏರಿಸುವಾಗ ದೀಪ ಆರಿಹೋದರೆ, ಬೆಳಿಗ್ಗೆ ಕೀರ್ದಿಯನ್ನು ನೋಡಿ ಉಳಿದುದನ್ನು ಪೂರೈಸಬಹುದು. ದತ್ತಸಂಚಯದ ತಂತ್ರಾಂಶವೂ ಹಾಗೆಯೇ, ಪಹಣಿಯನ್ನು ಮುಟ್ಟುವ ಮೊದಲು ತಾನು ಏನು ಮಾಡಲಿರುವೆನೆಂಬುದನ್ನು ಒಂದು ಕೀರ್ದಿಯಲ್ಲಿ ಬರೆದಿಡುತ್ತದೆ. ವಿದ್ಯುತ್ತು ಹೋಗಿ ಬಂದಾಗ ಆ ಕೀರ್ದಿಯನ್ನು ಓದಿ, ಮುಗಿದ ವ್ಯವಹಾರಗಳನ್ನು ಖಾತೆಗೆ ಏರಿಸುತ್ತದೆ. ಮುಗಿಯದವುಗಳ ಗುರುತನ್ನು ಅಳಿಸುತ್ತದೆ. ಈ ಪುನಶ್ಚೇತನದ ಕ್ರಮವನ್ನು ಬಹು ವಿವರವಾಗಿ ರೂಪಿಸಿದವರಲ್ಲಿ ಮದರಾಸಿನ ಐ.ಐ.ಟಿ.ಯಲ್ಲಿ ಓದಿ ಅಮೆರಿಕದ ಐ.ಬಿ.ಎಂ. ಕಂಪನಿಯಲ್ಲಿ ದುಡಿದ ಸಿ. ಮೋಹನ್ ಅವರು ಪ್ರಮುಖರು. ಅವರೂ ಅವರ ಸಹೋದ್ಯೋಗಿಗಳೂ 1992ರಲ್ಲಿ ಪ್ರಕಟಿಸಿದ ‘ಏರೀಸ್’ ಎಂಬ ವಿಧಾನವು ಜಗತ್ಪ್ರಸಿದ್ಧವಾಗಿದೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ತಂತ್ರಾಂಶವು ಹೇಳಿದಂತೆಯೇ ನಡೆಯುತ್ತದೆಂದು ನಂಬುವುದು ಹೇಗೆ? ಹತ್ತು ವರ್ಷ ತೊಂದರೆಯಿಲ್ಲದೆ ನಡೆಯಿತೆಂಬುದು ಸಾಕಾದ ಸಾಕ್ಷ್ಯವಲ್ಲ. ಎರಡು ಬರವಣಿಗೆಗಳ ನಡುವಿನ ಅಂತರವು ಒಂದು ಸೆಕೆಂಡಿನ ಅತ್ಯಲ್ಪ ಭಾಗ. ಸರಿಯಾಗಿ ಆ ಅಂತರದಲ್ಲಿಯೇ ವಿದ್ಯುತ್ತು ನಿಲ್ಲುವ ಯೋಗವು ವರ್ಷಗಟ್ಟಲೆ ಬಾರದಿರಬಹುದು. ಹನ್ನೊಂದನೆಯ ವರ್ಷ, ಬಿತ್ತನೆಯ ಕಾಲದ ಜನಸಂದಣಿಯ ನಡುವೆ ಬರಬಹುದು. ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸು ಅದು ಮನೆಯಲ್ಲಿ ಸೋರುವವರೆಗೆ ಕಾಯುವುದಿಲ್ಲ. ಅಲ್ಲಿಯೇ ಬೆರಳಿನಿಂದ ತಟ್ಟಿ ನಾದವನ್ನು ಕೇಳುತ್ತಾಳೆ. ದತ್ತಸಂಚಯವನ್ನೂ ಹಾಗೆಯೇ ತಟ್ಟಿ ನೋಡಬೇಕು. ಆದುದರಿಂದ ಪರೀಕ್ಷಕರು ದೋಷವು ಬರಲೆಂದು ಕಾಯದೆ, ತಾವೇ ಅದನ್ನು ಉಂಟುಮಾಡುತ್ತಾರೆ. ನಿಜವಾದ ದಾಖಲೆಗಳ ಮೇಲೆ ಇಂತಹ ಪ್ರಯೋಗವನ್ನು ಮಾಡಕೂಡದು. ಅದಕ್ಕಾಗಿಯೇ ಸಿದ್ಧಪಡಿಸಿದ ಪ್ರತಿಯ ಮೇಲೆ ಮಾಡಬೇಕು.

ಇಂತಹ ಪರೀಕ್ಷೆಗಳಿಗೆ ಗೊತ್ತಾದ ಕ್ರಮಗಳಿವೆ. ವ್ಯವಹಾರ ನಿರ್ವಹಣೆಯ ಸಾಮರ್ಥ್ಯವನ್ನು ಅಳೆಯಲೆಂದು 1988ರಲ್ಲಿ ಟಿ.ಪಿ.ಸಿ. ಎಂಬ ಅಂತರರಾಷ್ಟ್ರೀಯ ಮಂಡಲಿಯು ಸ್ಥಾಪಿತವಾಯಿತು. 1992ರಲ್ಲಿ ಅದು ಅಂಗೀಕರಿಸಿದ ‘ಟಿ.ಪಿ.ಸಿ.-ಸಿ’ ಎಂಬ ಅಳತೆಯು ವೇಗವನ್ನಷ್ಟೇ ನೋಡುವುದಿಲ್ಲ. ಯಂತ್ರವು ಭರದಿಂದ ಕೆಲಸ ಮಾಡುತ್ತಿರುವಾಗ ವಿದ್ಯುತ್ತನ್ನು ಕಡಿಯಬೇಕು. ಅದಕ್ಕೆ ಮೊದಲು ಯಾವ ಯಾವ ವ್ಯವಹಾರಗಳಿಗೆ ‘ಆಯಿತು’ ಎಂಬ ಉತ್ತರ ಬಂದಿತ್ತೆಂಬುದನ್ನು ಬೇರೆ ಕಡತದಲ್ಲಿ ಬರೆದಿಟ್ಟುಕೊಂಡಿರಬೇಕು. ಯಂತ್ರವು ಮತ್ತೆ ಎದ್ದ ಮೇಲೆ ಆ ಕಡತವನ್ನೂ ದತ್ತಸಂಚಯವನ್ನೂ ತಾಳೆ ನೋಡಬೇಕು. ‘ಆಯಿತು’ ಎಂದ ಒಂದು ವ್ಯವಹಾರವು ಕಾಣೆಯಾಗಿದ್ದರೂ ಪರೀಕ್ಷೆಯಲ್ಲಿ ಸೋಲು. ಯಂತ್ರದ ಮಾತಿಗೆ ಯಂತ್ರವನ್ನೇ ಸಾಕ್ಷಿಯಾಗಿಸದೆ, ಹೊರಗಿನ ಸಾಕ್ಷಿಯನ್ನು ಇಟ್ಟುಕೊಂಡಿರುವುದೇ ಈ ಪರೀಕ್ಷೆಯ ಮರ್ಮ.

ಇನ್ನೊಂದು ಕ್ರಮವು ಇದಕ್ಕಿಂತ ಸೂಕ್ಷ್ಮವಾದುದು. 2000ದಲ್ಲಿ ರಿಚರ್ಡ್ ಹಿಪ್ ಎಂಬುವರು ರಚಿಸಿದ ‘ಎಸ್‌ಕ್ಯೂಲೈಟ್’ ಎಂಬ ಪುಟ್ಟ ದತ್ತಸಂಚಯವು ಇಂದು ಕೋಟ್ಯಂತರ ಮೊಬೈಲ್ ಫೋನುಗಳಲ್ಲಿದೆ. ಅದನ್ನು ಪರೀಕ್ಷಿಸುವಾಗ ಒಂದು ಕೆಲಸದಲ್ಲಿ ಬರುವ ಮೊದಲನೆಯ ಓದುಬರಹದ ಕ್ರಿಯೆಯು ಕೃತಕವಾಗಿ ವಿಫಲವಾಗುವಂತೆ ಮಾಡುತ್ತಾರೆ. ಮರಳಿ ಆರಂಭಿಸಿ ಎರಡನೆಯದನ್ನು, ಮತ್ತೆ ಮೂರನೆಯದನ್ನು, ಹೀಗೆ ಕೆಲಸವು ಯಾವ ವಿಫಲತೆಯನ್ನೂ ಕಾಣದೆ ಮುಗಿಯುವವರೆಗೂ ಒಂದೊಂದಾಗಿ ಮುಂದುವರಿಯುತ್ತಾರೆ. ಪ್ರತಿ ಸಲವೂ ದತ್ತಸಂಚಯವು ಕೆಟ್ಟಿಲ್ಲವೆಂಬುದನ್ನು ನೋಡುತ್ತಾರೆ. ವಿದ್ಯುತ್ತು ಹೋದಂತಹ ಸ್ಥಿತಿಯನ್ನೂ ಅನುಕರಿಸಿ ಪರೀಕ್ಷಿಸುತ್ತಾರೆ. ಹೀಗೆ ಮಾಡುವುದರಿಂದ ಅದೃಷ್ಟಕ್ಕೆ ಬಿಟ್ಟ ಹೆಜ್ಜೆ ಉಳಿಯುವುದಿಲ್ಲ.

ಮೇಲೆ ಹೇಳಿದ ಅಣ್ಣತಮ್ಮಂದಿರ ಹೊಲಕ್ಕೆ ಈ ಕ್ರಮವನ್ನು ಅನ್ವಯಿಸಬಹುದು. ವ್ಯವಹಾರದ ಪ್ರತಿಯೊಂದು ಹೆಜ್ಜೆಯಲ್ಲಿಯೂ ಒಮ್ಮೊಮ್ಮೆ ತಡೆಯೊಡ್ಡಿ, ಯಂತ್ರವು ಚೇತರಿಸಿಕೊಂಡ ಮೇಲೆ ಪಹಣಿಯನ್ನು ತೆರೆದು ನೋಡಬೇಕು. ಅಲ್ಲಿ ಎರಡೇ ಉತ್ತರಗಳು ಸರಿ: ಅಣ್ಣನಿಗೆ ಪೂರ್ತಿ 6 ಎಕರೆ 20 ಗುಂಟೆ, ಅಥವಾ ಅಣ್ಣನಿಗೆ 4 ಎಕರೆ 10 ಗುಂಟೆ ಮತ್ತು ತಮ್ಮನಿಗೆ 2 ಎಕರೆ 10 ಗುಂಟೆ. ಎರಡರಲ್ಲಿಯೂ ಮೊತ್ತವು ಸರ್ವೆ ನಂಬರಿನ ವಿಸ್ತೀರ್ಣಕ್ಕೆ ಸರಿಹೊಂದುತ್ತದೆ. ಮೂರನೆಯ ಉತ್ತರವೊಂದು ಯಾವ ಹೆಜ್ಜೆಯಲ್ಲಿ ಕಂಡರೂ ತಂತ್ರಾಂಶವನ್ನು ತಿದ್ದಬೇಕು.

ಇದಕ್ಕೆ ಇನ್ನೊಂದು ತೊಡಕೂ ಸೇರುತ್ತದೆ. ಆರಂಭದಲ್ಲಿ ದತ್ತಸಂಚಯವು ತಾಲ್ಲೂಕು ಕಚೇರಿಯಲ್ಲಿಯೇ ಇರುತ್ತಿತ್ತು. ಮುಂದೆ ಅದು ದೂರದ ಕೇಂದ್ರಕ್ಕೆ ಸೇರಿ, ಶಿಗ್ಗಾವಿಯ ಕಿಂಡಿಯಲ್ಲಿ ಒತ್ತಿದ ಗುಂಡಿಗೆ ಉತ್ತರವು ಜಾಲದ ಮೂಲಕ ಬರುವಂತಾಯಿತು. ಕೆಲಸವು ಮುಗಿದು, ‘ಆಯಿತು’ ಎಂಬ ಉತ್ತರವು ದಾರಿಯಲ್ಲಿರುವಾಗ ಸಂಪರ್ಕವು ಕಡಿದರೆ ಏನಾಗುತ್ತದೆ? ಕಿಂಡಿಯಲ್ಲಿರುವವನಿಗೆ ಕೆಲಸ ಆಗಿದೆಯೋ ಇಲ್ಲವೋ ತಿಳಿಯದು. ಅವನು ಮತ್ತೊಮ್ಮೆ ಗುಂಡಿಯನ್ನು ಒತ್ತಿದರೆ ಅಣ್ಣನ ಪಾಲಿನಿಂದ ಇನ್ನೂ 2 ಎಕರೆ 10 ಗುಂಟೆ ಕಳೆದುಹೋಗಬಹುದು. ಇದನ್ನು ತಡೆಯಲು ಪ್ರತಿ ಅರ್ಜಿಗೂ ಒಂದು ಸಂಖ್ಯೆಯನ್ನು ಕೊಟ್ಟು, ಒಂದೇ ಸಂಖ್ಯೆಯ ಅರ್ಜಿಯು ಎಷ್ಟು ಸಲ ಬಂದರೂ ಒಂದೇ ಸಲ ಕಾರ್ಯಗತವಾಗುವಂತೆ ತಂತ್ರಾಂಶವನ್ನು ರಚಿಸುತ್ತಾರೆ. ಸಂಪರ್ಕವನ್ನು ಬೇಕೆಂದೇ ಕಡಿದು, ಗುಂಡಿಯನ್ನು ಎರಡು ಮೂರು ಸಲ ಒತ್ತಿ ಇದನ್ನೂ ಪರೀಕ್ಷಿಸಬೇಕಾಗುತ್ತದೆ.

ಅನುಭವಿಗಳ ಕೆಲಸದಲ್ಲಿಯೂ ಅಡಗಿದ ಲೋಪವಿರಬಹುದೆಂಬುದಕ್ಕೆ 2018ರ ಒಂದು ಸಂಗತಿಯು ನಿದರ್ಶನವಾಗಿದೆ. ‘ಪೋಸ್ಟ್‌ಗ್ರೆಸ್‌ಕ್ಯೂಎಲ್’ ಎಂಬುದು ಲೋಕವೆಲ್ಲ ಬಳಸುವ ಹೆಸರಾಂತ ದತ್ತಸಂಚಯ. ಬರೆದುದನ್ನು ತಟ್ಟೆಗೆ ಮುಟ್ಟಿಸುವಂತೆ ಅದು ಯಂತ್ರದ ಕಾರ್ಯವ್ಯವಸ್ಥೆಯನ್ನು ಕೇಳುತ್ತಿತ್ತು. ಕ್ಷಣಿಕ ದೋಷದಿಂದ ಅದು ಆಗಲಿಲ್ಲವೆಂದರೆ ಮತ್ತೊಮ್ಮೆ ಕೇಳುತ್ತಿತ್ತು. ಎರಡನೆಯ ಸಲ ‘ಆಯಿತು’ ಎಂಬ ಉತ್ತರ ಬರುತ್ತಿತ್ತು. ಆದರೆ ಕೆಲವು ಕಾರ್ಯವ್ಯವಸ್ಥೆಗಳು ಮೊದಲ ಸೋಲಿನ ಬಳಿಕ ಆ ಬರಹವನ್ನು ಮರೆತುಬಿಟ್ಟಿರುತ್ತಿದ್ದವು. ಎರಡನೆಯ ‘ಆಯಿತು’ ಎಂಬುದು ಪೊಳ್ಳು ಮಾತಾಗಿತ್ತು. ಬಹುಕಾಲ ಯಾರ ಗಮನಕ್ಕೂ ಬಾರದಿದ್ದ ಈ ಲೋಪವು ಬಯಲಾದ ಮೇಲೆ, 2019ರಲ್ಲಿ ಅದನ್ನು ತಿದ್ದಿದರು. ಈಗ ಅಂತಹ ದೋಷ ಕಂಡರೆ ಆ ದತ್ತಸಂಚಯವು ಸುಮ್ಮನೆ ಮತ್ತೊಮ್ಮೆ ಕೇಳುವುದಿಲ್ಲ. ಕೂಡಲೇ ನಿಂತು, ಕೀರ್ದಿಯನ್ನು ಓದಿ ಚೇತರಿಸಿಕೊಳ್ಳುತ್ತದೆ. ತಪ್ಪು ಉತ್ತರವನ್ನು ಕೊಡುವುದಕ್ಕಿಂತ ಕೆಲಸವನ್ನು ನಿಲ್ಲಿಸುವುದೇ ಮೇಲೆಂಬ ವಿವೇಕವು ಇದರಲ್ಲಿದೆ.

ಪರೀಕ್ಷೆಗೂ ಒಂದು ಮಿತಿಯುಂಟು. ಪರೀಕ್ಷಕನಿಗೆ ಹೊಳೆಯದ ದೋಷವು ಪರೀಕ್ಷೆಯ ಕಣ್ಣಿಗೂ ಬೀಳದು. ಆದುದರಿಂದ ತಂತ್ರಾಂಶದ ಒಂದು ಸಾಲು ಬದಲಾದರೂ ಹಳೆಯ ಪರೀಕ್ಷೆಗಳನ್ನೆಲ್ಲ ಮತ್ತೆ ನಡೆಸಬೇಕು. ಹೊಸ ದೋಷವೊಂದು ಕಂಡರೆ ಅದನ್ನೂ ಪರೀಕ್ಷೆಗಳ ಪಟ್ಟಿಗೆ ಸೇರಿಸಬೇಕು. ದಾಖಲೆಯ ಪ್ರತಿಗಳನ್ನು ಬೇರೆ ಸ್ಥಳದಲ್ಲಿ ಇಡಬೇಕು. ಆ ಪ್ರತಿಗಳಿಂದ ದಾಖಲೆಯು ನಿಜವಾಗಿಯೂ ಮರಳಿ ಬರುತ್ತದೆಯೇ ಎಂಬುದನ್ನು ಆಗಾಗ ನೋಡಬೇಕು. ಇನ್ನೊಂದು ಮಾತನ್ನೂ ಮರೆಯಬಾರದು. ಬರೆಯುವವನೇ ತಪ್ಪು ಹೆಸರನ್ನು ಬರೆದರೆ ಯಂತ್ರವು ಆ ತಪ್ಪನ್ನೇ ನಿಷ್ಠೆಯಿಂದ ಕಾಪಾಡುತ್ತದೆ. ಯಂತ್ರದ ಪ್ರಾಮಾಣಿಕತೆಯು ಮನುಷ್ಯನ ಪ್ರಾಮಾಣಿಕತೆಗೆ ಬದಲಿಯಾಗಲಾರದು.

ಮುಂಗಾರಿನ ಮೊದಲ ಹದಮಳೆ ಬಿದ್ದಾಗ ಹಾನಗಲ್ಲಿನ ಭತ್ತದ ರೈತನೂ, ಸವಣೂರಿನ ಎಲೆಬಳ್ಳಿಯ ತೋಟದವನೂ, ಹಿರೇಕೆರೂರಿನ ಗೋವಿನಜೋಳದ ಬೆಳೆಗಾರನೂ ಉತಾರಕ್ಕಾಗಿ ಬರುತ್ತಾರೆ. ಮುದ್ರಿತವಾಗಿ ಹೊರಬಂದ ಕಾಗದವನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಹೋಗುವಾಗ ಅವರು ಕೀರ್ದಿಯನ್ನೂ ಆಲ್ಫಾ ಕಣವನ್ನೂ ನೆನೆಯುವುದಿಲ್ಲ, ನೆನೆಯಬೇಕಾದುದೂ ಇಲ್ಲ. ಅವರ ಪರವಾಗಿ ಯಾರೋ ಒಬ್ಬರು ಎಲ್ಲೋ ಕುಳಿತು ಬೇಕೆಂದೇ ನೂರು ಸಲ ವಿದ್ಯುತ್ತನ್ನು ಕಡಿದು, ನೂರು ಸಲವೂ ಲೆಕ್ಕವನ್ನು ತಾಳೆ ನೋಡಿರಬೇಕು. ಚಿನ್ನದ ಗುಣವು ಒರೆಗಲ್ಲಿನಲ್ಲಿ ತಿಳಿಯುವಂತೆ ದಾಖಲೆಯ ಗುಣವು ದೋಷದ ಕ್ಷಣದಲ್ಲಿ ತಿಳಿಯುತ್ತದೆ. ಆ ಕ್ಷಣವು ರೈತನ ಪಾಲಿಗೆ ಬರುವ ಮೊದಲೇ ಅದನ್ನು ತಂದುಕೊಂಡು ನೋಡುವುದೇ ದಾಖಲೆಯನ್ನು ಕಾಯುವವರ ಕರ್ತವ್ಯ.